ಕೆಟ್ಟ ಸುದ್ದಿ ಮಾಲೀಕರಿಗೆ ಎಷ್ಟು ಹೊತ್ತಿಗೆ ತಲುಪುತ್ತದೆ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ವಾಣಿಜ್ಯ ಪುಟದಲ್ಲಿ ಈಚೆಗೆ ಬರುತ್ತಿರುವ ನಾಯಕತ್ವದ ಲೇಖನಗಳನ್ನು ತಪ್ಪದೆ ಓದುತ್ತಿದ್ದೇನೆ. ಉದ್ಯಮಿಯಾದವನು ಬೆಳಗ್ಗೆ ಬೇಗ ಏಳಬೇಕು, ಧ್ಯಾನ ಮಾಡಬೇಕು, ದಿನಾ ಒಂದಷ್ಟು ಓದಬೇಕು, ಗುರಿಗಳನ್ನು ಬರೆದಿಡಬೇಕು, ಸೋಲಿಗೆ ಹೆದರಬಾರದು. ಎಲ್ಲವೂ ಒಳ್ಳೆಯ ಮಾತೇ. ಯಾವುದನ್ನೂ ತಳ್ಳಿಹಾಕಲು ನಾನು ಈ ಪತ್ರ ಬರೆಯುತ್ತಿಲ್ಲ. ಆದರೆ ಈ ಲೇಖನಗಳಲ್ಲಿ ಒಂದು ಕಡೆಯೂ ನನಗೆ ಕೆಲಸಗಾರ ಕಾಣಲಿಲ್ಲ. ಮಾಲೀಕರು ಒಬ್ಬರೇ ರೂಮಿನಲ್ಲಿ ಕೂತು ತಮ್ಮನ್ನು ತಾವು ತಿದ್ದಿಕೊಂಡರೆ ಸಾಕು, ಹೊರಗೆ ಕಂಪನಿ ತಾನಾಗಿಯೇ ಬೆಳೆಯುತ್ತದೆ ಎನ್ನುವ ಹಾಗಿದೆ ಬರಹ. ನಾನು ಕಂಡಿದ್ದು ಬೇರೆ. ಅದನ್ನು ಹೇಳಲೇಬೇಕು ಅನಿಸಿತು.

ನಾನು ಉದ್ಯಮಿಯಲ್ಲ. ಐಟಿಐ ಮುಗಿಸಿ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಸೇರಿದವಳು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಶುರು ಮಾಡಿದ ಫ್ಯಾಕ್ಟರಿ ಅದು. ಅಲ್ಲಿ ಸಾಲಾಗಿ ಕೂತು ವಾಚ್ ಜೋಡಿಸುತ್ತಿದ್ದವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ ಇದ್ದೆವು. ಮುಂದೆ ವಾಚಿನ ಕೆಲಸ ಕಡಿಮೆಯಾಗುತ್ತಾ ಬಂತು, ವಿಆರ್‌ಎಸ್ (ಸ್ವಯಂ ನಿವೃತ್ತಿ) ತೆಗೆದುಕೊಂಡೆ, ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಬಂದೆ. ನಿವೃತ್ತಿಯಾಗುವ ತನಕ ಬೇರೆ ಬೇರೆ ಮಷಿನ್ ಶಾಪುಗಳಲ್ಲಿ ಕ್ವಾಲಿಟಿ ನೋಡಿಕೊಂಡೆ. ಮೈಕ್ರೋಮೀಟರ್, ಬೋರ್ ಗೇಜ್, ಸರ್ಫೇಸ್ ಪ್ಲೇಟ್, ಡ್ರಾಯಿಂಗು, ಇಷ್ಟು ನನ್ನ ಪ್ರಪಂಚ.

ಯಾವ ವರ್ಕ್‌ಶಾಪಿನಲ್ಲೇ ಆಗಲಿ, ಕೆಟ್ಟ ಸುದ್ದಿ ಹಾದುಹೋಗುವುದು ಇನ್ಸ್‌ಪೆಕ್ಷನ್ ಟೇಬಲ್ ಮೇಲೇ. ಆಪರೇಟರಿಗೂ ಮಾಲೀಕರಿಗೂ ನಡುವೆ ನಿಂತವಳು ನಾನು. ಅದಕ್ಕೇ ಮಾಲೀಕರು ಎಷ್ಟು ಬೆಳೆದಿದ್ದಾರೆ ಅಂತ ತಿಳಿಯಲು ನಾನು ನೋಡುವುದು ಒಂದೇ ವಿಷಯ. ಶಾಪಿನಲ್ಲಿ ಏನಾದರೂ ಕೆಟ್ಟರೆ ಆ ಸುದ್ದಿ ಅವರಿಗೆ ಎಷ್ಟು ಹೊತ್ತಿಗೆ ತಲುಪುತ್ತದೆ? ಹತ್ತು ನಿಮಿಷಕ್ಕೋ, ಮಾರನೇ ದಿನಕ್ಕೋ, ಗಿರಾಕಿಯ ಫೋನ್ ಬಂದ ಮೇಲೋ?

ಒಂದು ಉದಾಹರಣೆ ವಿವರವಾಗಿ ಹೇಳುತ್ತೇನೆ.

ಒಂದು ಶಾಪಿನಲ್ಲಿ ನಾವು ಬುಷ್‌ಗಳನ್ನು, ಅಂದರೆ ಕೊಳವೆಯಂಥ ಸಣ್ಣ ಲೋಹದ ಭಾಗಗಳನ್ನು ಮಾಡುತ್ತಿದ್ದೆವು. ಒಳಗಿನ ಬೋರ್ (ತೂತು) 25 ಮಿಲಿಮೀಟರ್, ಎಚ್7 ಫಿಟ್. ಅಂದರೆ ಬೋರ್ 25ಕ್ಕಿಂತ ಚಿಕ್ಕದಾಗಬಾರದು, ದೊಡ್ಡದಾದರೂ 21 ಮೈಕ್ರಾನ್ ದಾಟಬಾರದು. ತಲೆಕೂದಲಿನ ದಪ್ಪದ ಮೂರನೇ ಒಂದು ಭಾಗ ಅಂದುಕೊಳ್ಳಿ, ಅಷ್ಟೇ ಜಾಗ. ಬೋರಿಂಗ್ ಮಾಡುವಾಗ ಇನ್ಸರ್ಟ್, ಅಂದರೆ ಲೋಹ ಕೊರೆಯುವ ಟೂಲಿನ ತುದಿ, ಸವೆಯುತ್ತಾ ಹೋದ ಹಾಗೆ ಬೋರ್ ಚಿಕ್ಕದಾಗುತ್ತಾ ಬರುತ್ತದೆ. ಆಗ ಆಪರೇಟರ್ ಮಷಿನ್‌ಗೆ ಆಫ್‌ಸೆಟ್ (ಅಳತೆಯ ತಿದ್ದುಪಡಿ) ಕೊಟ್ಟು ಸರಿ ಮಾಡಬೇಕು. ಒಂದು ರಾತ್ರಿ ಶಿಫ್ಟಿನಲ್ಲಿದ್ದ ಹುಡುಗ ಆಫ್‌ಸೆಟ್ ಜಾಸ್ತಿ ಕೊಟ್ಟುಬಿಟ್ಟಿದ್ದ. ಬೋರ್ ದೊಡ್ಡದಾಯಿತು. ತೂತಿನ ಅಳತೆ ನೋಡುವ ಪ್ಲಗ್ ಗೇಜಿನ ನೋ-ಗೋ ತುದಿ ಒಳಗೆ ಹೋಗಲೇಬಾರದು. ಅದು ಸಲೀಸಾಗಿ ಹೋಗಿದೆ. ಅವನಿಗೆ ಆಗಲೇ ಗೊತ್ತಾಗಿದೆ.

ಬೆಳಗ್ಗೆ ನಾನು ಬಂದಾಗ ಕೊಟ್ಟ ಮೆಟೀರಿಯಲ್ಲಿಗೂ ಬಂದ ಪೀಸಿಗೂ ಲೆಕ್ಕ ತಾಳೆ ಆಗಲಿಲ್ಲ. ಹುಡುಕಿದೆ. ಚಿಪ್ಸ್ ತುಂಬುವ ಡ್ರಮ್ಮಿನ ತಳದಲ್ಲಿ, ಕೂಲಂಟ್ ತೊಟ್ಟಿಕ್ಕುತ್ತಿದ್ದ ಸುರುಳಿಗಳ ಕೆಳಗೆ, ಹಳೇ ಕಾಟನ್ ವೇಸ್ಟಿನಲ್ಲಿ ಸುತ್ತಿಟ್ಟ ಬುಷ್‌ಗಳು ಸಿಕ್ಕಿದವು. ಗದಗದ ಕಡೆಯ ಹುಡುಗ, ಇಪ್ಪತ್ತರ ಆಸುಪಾಸು. ಕರೆದು ಕೇಳಿದೆ. ತಲೆ ಎತ್ತಲಿಲ್ಲ.

'ಹೇಳಿದ್ರ ಬೈತಾರ್ರೀ ಮೇಡಂ. ಹೋದ ತಿಂಗಳ ಒಬ್ಬನ್ನ ಎಲ್ಲಾರ ಮುಂದ ನಿಲ್ಲಿಸಿ ಬೈದ್ರು. ಪಗಾರದಾಗೂ ಹಿಡಕೊಂಡ್ರು.'

ಅವನು ಬಚ್ಚಿಟ್ಟಿದ್ದು ಅವನಿಗೆ ಕಂಡ ಪೀಸುಗಳನ್ನು ಮಾತ್ರ. ನಡುವೆ ಅಳತೆ ನೋಡದೇ ಬಿಟ್ಟ ಪೀಸುಗಳು ಒಳ್ಳೆಯ ಪೀಸಿನ ಜೊತೆ ಸೇರಿಹೋಗಿದ್ದವು. ಡಿಸ್ಪ್ಯಾಚ್ ಅರ್ಜೆಂಟ್ ಅಂತ ಒಂದಷ್ಟು ಡಬ್ಬಗಳು ಬೆಳಗಿನ ಜಾವದ ಗಾಡಿಗೇ ಹೋಗಿಯಾಗಿತ್ತು. ಗಿರಾಕಿಯ ಫ್ಯಾಕ್ಟರಿ ಹೊಸೂರಿನಲ್ಲಿ. ಅಲ್ಲಿಂದ ಫೋನ್ ಬಂತು. ನಮ್ಮ ಹುಡುಗರನ್ನು ಬಸ್ಸು ಹತ್ತಿಸಿ ಕಳಿಸಿ, ಅವರ ಸ್ಟೋರಿನಲ್ಲಿ ನೆಲದ ಮೇಲೆ ಕೂರಿಸಿ, ಒಂದೊಂದೇ ಬುಷ್ ಗೇಜ್ ಹಾಕಿ ಸಾರ್ಟಿಂಗ್ ಮಾಡಿಸಬೇಕಾಯಿತು. ಅದರ ಖರ್ಚು, ಆ ಹುಡುಗನ ಪಗಾರದಲ್ಲಿ ಹಿಡಿಯಬಹುದಾಗಿದ್ದ ದುಡ್ಡಿಗಿಂತ ಎಷ್ಟೋ ಪಟ್ಟು ಜಾಸ್ತಿ. ಗಿರಾಕಿಯ ನಂಬಿಕೆ ಹೋಗಿದ್ದಂತೂ ಯಾವ ಲೆಕ್ಕಕ್ಕೂ ಬರಲಿಲ್ಲ.

ಬೋರ್ ಚಿಕ್ಕದಾಗಿದ್ದರೆ ಮತ್ತೆ ಕೊರೆದು ಸರಿ ಮಾಡಬಹುದು. ದೊಡ್ಡದಾದರೆ ಸ್ಕ್ರ್ಯಾಪೇ ಗತಿ. ಮೊದಲನೇ ಪೀಸಿನಲ್ಲಿ ಗೊತ್ತಾಗಿ, ಅದೇ ಕ್ಷಣ ಯಾರಿಗಾದರೂ ಹೇಳಿದ್ದರೆ ಒಂದು ಪೀಸು ಹೋಗುತ್ತಿತ್ತು. ಹೆದರಿಕೆಯಿಂದ ತಡವಾಗಿದ್ದಕ್ಕೆ ಇಡೀ ಬ್ಯಾಚು ಹೋಯಿತು.

ಆ ಮಾಲೀಕರು ಕೆಟ್ಟವರೇನೂ ಅಲ್ಲ. ಕೆಲಸಗಾರರ ಮಕ್ಕಳ ಸ್ಕೂಲ್ ಫೀಸು ಕಟ್ಟಿದವರು. ಬೆಳಗ್ಗೆ ಐದಕ್ಕೆ ಏಳುತ್ತಿದ್ದರು, ವಾಕಿಂಗ್ ಹೋಗುತ್ತಿದ್ದರು, ಮ್ಯಾನೇಜ್‌ಮೆಂಟ್ ಪುಸ್ತಕ ಓದುತ್ತಿದ್ದರು, ನಾಯಕತ್ವದ ತರಬೇತಿಗೆ ದುಡ್ಡು ಕೊಟ್ಟು ಹೋಗಿ ಬಂದಿದ್ದರು. ನಿಮ್ಮ ಲೇಖನಗಳು ಹೇಳುವುದನ್ನೆಲ್ಲ ಅವರು ಮಾಡುತ್ತಿದ್ದರು. ಆದರೂ ಅವರ ಶಾಪಿನಲ್ಲಿ ಬುಷ್‌ಗಳು ಚಿಪ್ಸ್ ಡ್ರಮ್ಮಿಗೆ ಹೋಗುತ್ತಿದ್ದವು. ಯಾಕೆ ಅಂದರೆ ಅವರ ಬೆಳವಣಿಗೆ ಅವರೊಳಗೇ ಉಳಿಯಿತು. ಮಷಿನ್ ಮುಂದೆ ನಿಂತ ಹುಡುಗನಿಗೆ ಅದರಿಂದ ಏನೂ ಬದಲಾಗಲಿಲ್ಲ.

ಇನ್ನೊಬ್ಬರ ವಿಷಯ ಹೇಳಬೇಕು. ಪೀಣ್ಯ ಎರಡನೇ ಹಂತದಲ್ಲಿ ಅವರ ಶೆಡ್ಡು. ಕೆಲವು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತ್, ಒಂದೆರಡು ವಿಎಂಸಿ ಮಿಲ್ಲಿಂಗ್ ಮಷಿನ್. ತಾವೇ ಲೇತ್ ಮೇಲೆ ನಿಂತು ದುಡಿದು ಮೇಲೆ ಬಂದವರು. ಡ್ರಾಯಿಂಗ್ ನೋಡಿದರೆ ಸಾಕು, ಎಲ್ಲಿ ಕಷ್ಟ ಆಗುತ್ತದೆ ಅಂತ ಹೇಳಿಬಿಡುತ್ತಿದ್ದರು. ಅಷ್ಟೇ ಸಿಟ್ಟು. ಅವರ ಕಾರು ಗೇಟಿನೊಳಗೆ ಬಂದ ಸದ್ದಾದರೆ ಶಾಪಿನಲ್ಲಿ ಮಾತು ನಿಂತುಹೋಗುತ್ತಿತ್ತು.

ಒಮ್ಮೆ ಅವರು ದೊಡ್ಡ ಗಿರಾಕಿಯೊಬ್ಬರ ಫ್ಯಾಕ್ಟರಿಗೆ ಹೋಗಿದ್ದರು. ಅಲ್ಲಿ ಅಸೆಂಬ್ಲಿ ಲೈನಿನಲ್ಲಿ ಒಬ್ಬಳು ಹುಡುಗಿ ಏನೋ ಸರಿಯಿಲ್ಲ ಅಂತ ಸ್ವಿಚ್ ಒತ್ತಿ ಲೈನ್ ನಿಲ್ಲಿಸಿದಳಂತೆ. ಸೂಪರ್‌ವೈಸರ್ ಓಡಿ ಬಂದ. ಇವರು ಬೈಗುಳ ಬೀಳುತ್ತೆ ಅಂತ ಕಾದರು. ಅವನು ಮೊದಲು ಥ್ಯಾಂಕ್ಸ್ ಹೇಳಿ, ಆಮೇಲೆ ಏನಾಯಿತು ಅಂತ ಬಗ್ಗಿ ನೋಡಿದನಂತೆ. ವಾಪಸ್ ಬಂದ ಮೇಲೆ ಕೆಲವು ದಿನ ಅವರು ಮಾತು ಕಡಿಮೆ ಮಾಡಿದ್ದರು. ಒಂದು ಸಂಜೆ ನನ್ನ ಟೇಬಲ್ ಹತ್ತಿರ ಬಂದು ನಿಂತರು.

'ಮೇಡಂ, ನಮ್ಮಲ್ಲಿ ಯಾರಾದ್ರೂ ತಾವಾಗೇ ಮಷಿನ್ ನಿಲ್ಲಿಸ್ತಾರಾ?'

'ಇಲ್ಲ ಸಾರ್.'

'ಯಾಕೆ?'

'ನಿಮಗೆ ಹೆದರ್ತಾರೆ ಸಾರ್.'

ಅವರ ಮುಖ ಕೆಂಪಾಯಿತು. ಏನೋ ಹೇಳಲು ಹೋಗಿ ನಿಲ್ಲಿಸಿದರು. ಪಕ್ಕದಲ್ಲಿದ್ದ ನನ್ನ ನೀರಿನ ಬಾಟಲಿ ತೆಗೆದುಕೊಂಡು ಕುಡಿದರು. 'ಸರಿ, ನಾಳೆ ಮಾತಾಡೋಣ' ಎಂದು ಹೋದರು. ನಾನು ಕಂಡ ನಾಯಕತ್ವದ ಪಾಠಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಕಹಿ ಮಾತು ಕೇಳಿಯೂ ಬಾಯಿ ಮುಚ್ಚಿಕೊಂಡು ಅದನ್ನು ಮನೆಗೆ ಒಯ್ಯುವುದು ಸುಲಭದ ಕೆಲಸವಲ್ಲ.

ಮಾರನೇ ದಿನದಿಂದ ಒಂದು ಪದ್ಧತಿ ಶುರುವಾಯಿತು. ರಿಜೆಕ್ಟ್ ಆದ ಪೀಸು ಯಾವುದೇ ಇರಲಿ, ಕೆಂಪು ಬಣ್ಣದ ಬಿನ್ನಿಗೆ ಬರಬೇಕು. ಬೆಳಗ್ಗೆ ಹತ್ತು ಗಂಟೆಗೆ, ಟೀ ಬರುವ ಮೊದಲು, ಎಲ್ಲರೂ ಆ ಬಿನ್ನಿನ ಸುತ್ತ ನಿಲ್ಲಬೇಕು. ಏನಾಯಿತು, ಯಾವಾಗ ಗೊತ್ತಾಯಿತು, ಮತ್ತೆ ಆಗದ ಹಾಗೆ ಏನು ಮಾಡೋಣ, ಇಷ್ಟೇ ಮಾತು. ಯಾರು ಮಾಡಿದ್ದು ಅಂತ ಕೇಳುವ ಹಾಗಿಲ್ಲ. ಪಗಾರದಲ್ಲಿ ಹಿಡಿಯುವುದು ಅವತ್ತಿಗೇ ನಿಂತಿತು.

ಮೊದಲ ದಿನಗಳಲ್ಲಿ ಬಿನ್ನು ಹೆಚ್ಚು ಕಡಿಮೆ ಖಾಲಿ ಇರುತ್ತಿತ್ತು. ಯಾರೂ ನಂಬಲಿಲ್ಲ. ಇವರಿಗೆ ಸಿಟ್ಟು ಬಂದಾಗಲೆಲ್ಲ ಕೈ ಹಿಂದೆ ಕಟ್ಟಿಕೊಂಡು ಗೇಟಿನ ತನಕ ನಡೆದು ವಾಪಸ್ ಬರುತ್ತಿದ್ದರು. ಒಂದು ದಿನ ತಡೆಯಲಾಗದೆ, ಮಷಿನ್ ಸೆಟ್ ಮಾಡಿಕೊಡುವ ಸೆಟ್ಟರ್ ಮೇಲೆ ಕೂಗಾಡಿಬಿಟ್ಟರು. ಹಳೇ ಕಥೆಯೇ ಅಂತ ಎಲ್ಲರೂ ಮುಖ ಮುಖ ನೋಡಿಕೊಂಡೆವು. ಮಾರನೇ ಬೆಳಗ್ಗೆ ಅದೇ ಬಿನ್ನಿನ ಹತ್ತಿರ, ಅದೇ ಜನರ ಮುಂದೆ, 'ನಿನ್ನೆ ನಾನು ಕೂಗಿದ್ದು ಸರಿಯಿರಲಿಲ್ಲಪ್ಪ' ಎಂದರು. ಬೇರೆ ಭಾಷಣ ಇಲ್ಲ. ಸೆಟ್ಟರ್ ತಲೆ ತಗ್ಗಿಸಿ 'ಇರ್ಲಿ ಬಿಡಿ ಸಾರ್' ಅಂದ. ಬಿನ್ನು ತುಂಬತೊಡಗಿದ್ದು ಆಮೇಲೆಯೇ.

ಹೌದು, ತುಂಬತೊಡಗಿತು. ರಿಜಿಸ್ಟರಿನಲ್ಲಿ ರಿಜೆಕ್ಷನ್ ಏರಿತು. ಅವರ ತಮ್ಮ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದರು. ಗಾಬರಿಯಾಗಿ ಓಡಿ ಬಂದರು. 'ಅಣ್ಣ, ನೀನು ಮೆತ್ತಗಾದೆ, ಕೆಲಸ ಹಾಳಾಯ್ತು ನೋಡು' ಎಂದರು. ನಾನು ಹಳೆಯ ಇನ್ಸ್‌ಪೆಕ್ಷನ್ ರಿಪೋರ್ಟುಗಳನ್ನೂ ಸ್ಕ್ರ್ಯಾಪ್ ಮಾರಿದ ಬಿಲ್ಲುಗಳನ್ನೂ ತೆಗೆದು ಮುಂದಿಟ್ಟೆ. ಸ್ಕ್ರ್ಯಾಪ್ ತೂಕ ಮೊದಲೂ ಇಷ್ಟೇ ಇತ್ತು. ಪುಸ್ತಕಕ್ಕೆ ಬರುತ್ತಿರಲಿಲ್ಲ, ಅಷ್ಟೇ.

ಇದು ನಮ್ಮ ಶೆಡ್ಡಿನ ವಿಚಿತ್ರವಲ್ಲ ಅಂತ ಆಮೇಲೆ ತಿಳಿಯಿತು. 1990ರ ದಶಕದಲ್ಲಿ ಹಾರ್ವರ್ಡಿನ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಗ್ಗಟ್ಟಾಗಿ ಚೆನ್ನಾಗಿ ಕೆಲಸ ಮಾಡುವ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಅಂತ ನಾವೂ ಅಂದುಕೊಳ್ಳುತ್ತೇವೆ, ಅಲ್ವಾ? ಲೆಕ್ಕದಲ್ಲಿ ಅಲ್ಲೇ ಜಾಸ್ತಿ ತಪ್ಪುಗಳು ದಾಖಲಾಗಿದ್ದವು. ಆ ತಂಡಗಳ ನರ್ಸುಗಳು ಜಾಸ್ತಿ ತಪ್ಪು ಮಾಡುತ್ತಿದ್ದರು ಅಂತಲ್ಲ. ತಮ್ಮ ಮೇಲಿನವರಿಗೆ ಹೆದರದೆ ಹೇಳುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು. ಇದನ್ನು ಓದಿದಾಗ ನನಗೆ ಕಣ್ಣ ಮುಂದೆ ಬಂದಿದ್ದು ಆ ಕೆಂಪು ಬಿನ್ನು.

ಆ ಶೆಡ್ಡಿನಲ್ಲಿ ರಿಜೆಕ್ಷನ್ ನಿಜವಾಗಿಯೂ ಇಳಿಯಲು ಸಮಯ ಹಿಡಿಯಿತು. ಇಳಿದಿದ್ದು ಹೇಗೆ ಅಂದರೆ, ಹುಡುಗರೇ ಹೇಳತೊಡಗಿದರು. ಇನ್ಸರ್ಟ್ ಇಷ್ಟು ಪೀಸಿಗೆ ಬದಲಿಸಲೇಬೇಕು ಅಂತ ಒಬ್ಬ. ರಾತ್ರಿ ಶಿಫ್ಟಿನಲ್ಲಿ ಬೋರ್ ಗೇಜ್ ಬೀರುವಿನಲ್ಲಿ ಬೀಗ ಹಾಕಿರುತ್ತಾರೆ, ಅಳತೆ ನೋಡೋದು ಹೇಗೆ ಅಂತ ಇನ್ನೊಬ್ಬ. ಬೀಗದ ವಿಷಯ ನನಗೂ ಮಾಲೀಕರಿಗೂ ಗೊತ್ತೇ ಇರಲಿಲ್ಲ. ಗೇಜ್ ಕಳೆದುಹೋಗುತ್ತೆ ಅಂತ ಸ್ಟೋರಿನವರು ಹಾಕುತ್ತಿದ್ದ ಬೀಗ. ಅದನ್ನು ತೆಗೆಸಲು ಒಂದು ರೂಪಾಯಿ ಖರ್ಚಾಗಲಿಲ್ಲ.

ಅವರು ಮಾಡಿದ ಇನ್ನೊಂದು ಕೆಲಸ ನನಗೆ ತುಂಬಾ ಹಿಡಿಸಿತು. ಟೂಲ್ ರೂಮಿನಲ್ಲಿ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರೊಬ್ಬರನ್ನು ಕರೆಸಿ ಶನಿವಾರ ಶಿಫ್ಟ್ ಮುಗಿದ ಮೇಲೆ ಡ್ರಾಯಿಂಗ್ ಓದುವ ಕ್ಲಾಸ್ ಇಡಿಸಿದರು. ಕ್ಲಾಸ್ ಕನ್ನಡದಲ್ಲಿ. ಮಾಲೀಕರೂ ಆಪರೇಟರುಗಳ ಪಕ್ಕ ಬೆಂಚಿನ ಮೇಲೆ ಕೂತರು. ಜಿಯೋಮೆಟ್ರಿಕ್ ಟಾಲರೆನ್ಸಿನ ಚಿಹ್ನೆಗಳು, ಅಂದರೆ ಆಕಾರ, ಜಾಗ ಎಷ್ಟು ಆಚೀಚೆ ಆಗಬಹುದು ಅಂತ ಹೇಳುವ ಗುರುತುಗಳು, ಅವರು ಕಲಿತ ಕಾಲದಲ್ಲಿ ಡ್ರಾಯಿಂಗಿನಲ್ಲಿ ಅಷ್ಟಾಗಿ ಇರುತ್ತಿರಲಿಲ್ಲ. ಮೇಷ್ಟ್ರು ಪೊಸಿಷನ್ ಟಾಲರೆನ್ಸ್ ಲೆಕ್ಕ ಕೊಟ್ಟಾಗ ಅವರ ಉತ್ತರ ತಪ್ಪಾಯಿತು. ಪಕ್ಕದಲ್ಲಿದ್ದ ಐಟಿಐ ಹುಡುಗನ ಉತ್ತರ ಸರಿ ಇತ್ತು. 'ಎಲ್ಲಿ, ನಂಗೊಂದ್ಸಲ ಹೇಳ್ಕೊಡು' ಎಂದು ಅವನ ಪುಸ್ತಕ ಎಳೆದುಕೊಂಡರು. ಮಾಲೀಕರಿಗೆ ಗೊತ್ತಿಲ್ಲದ್ದು ತನಗೆ ಗೊತ್ತಿರಬಹುದು, ಅದನ್ನು ಹೇಳಿದರೆ ಅವರು ಕೇಳುತ್ತಾರೆ ಅಂತ ಆ ಹುಡುಗನಿಗೆ ಅವತ್ತು ಗೊತ್ತಾಯಿತು. ಆಮೇಲೆ ಅವನು ಯಾವ ವಿಷಯವನ್ನೂ ನನ್ನ ಹತ್ತಿರ ಪಿಸುಗುಟ್ಟಲಿಲ್ಲ, ನೇರ ಅವರಿಗೇ ಹೇಳುತ್ತಿದ್ದ.

ಕಾರ್ಖಾನೆಗಳಲ್ಲಿ ಈ ಬುದ್ಧಿ ಹೊಸದೂ ಅಲ್ಲ. ಟೊಯೊಟಾ ಕಂಪನಿಯ ಮೂಲಪುರುಷ ಸಕಿಚಿ ಟೊಯೋಡ ಕಾರು ಮಾಡಿದವರಲ್ಲ, ಮಗ್ಗ ಮಾಡಿದವರು. ನೂಲು ಹರಿದ ತಕ್ಷಣ ತಾನಾಗಿಯೇ ನಿಲ್ಲುವ ಅವರ ಸ್ವಯಂಚಾಲಿತ ಮಗ್ಗ 1924ರಲ್ಲಿ ಬಂತು. ನೂಲು ಹರಿದರೂ ಮಗ್ಗ ಓಡುತ್ತಲೇ ಇದ್ದರೆ ಗಜಗಟ್ಟಲೆ ಬಟ್ಟೆ ಹಾಳು. ಅದೇ ಯೋಚನೆ ಮುಂದೆ ಕಾರಿನ ಲೈನಿಗೂ ಬಂತು. ಕೆಲಸಗಾರ ತಲೆಯ ಮೇಲಿನ ಹಗ್ಗ ಎಳೆದು ತೊಂದರೆ ಇದೆ ಅಂತ ಹೇಳಬಹುದು, ಬೇಗ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ನಮ್ಮ ಬಿಡದಿಯಲ್ಲೂ ಆ ಕಂಪನಿ 1999ರಿಂದ ಕಾರು ಮಾಡುತ್ತಿದೆ. ಪೀಣ್ಯದ ಎಷ್ಟೋ ಮಾಲೀಕರು ಕಾರು ಕಂಪನಿಗಳಿಗೆ ಹೋಗಿ ಈ ಹಗ್ಗ, ಈ ದೀಪ, ಈ ಬೋರ್ಡು ನೋಡಿ ಬಂದಿದ್ದಾರೆ. ಬಂದು ತಮ್ಮ ಶೆಡ್ಡಿಗೂ, ತೊಂದರೆ ಇದ್ದರೆ ಒತ್ತಿ ತಿಳಿಸುವ ಕೆಂಪು, ಹಳದಿ, ಹಸಿರು ದೀಪ ಹಾಕಿಸಿದ್ದಾರೆ. ದೀಪ ಹಾಕಿಸುವುದು ಸುಲಭ. ಅದನ್ನು ಒತ್ತಿದವನಿಗೆ ಮಾಲೀಕರ ಕಡೆಯಿಂದ ಏನು ಸಿಗುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಒಮ್ಮೆ ಬೈಗುಳ ಸಿಕ್ಕರೆ ಆ ದೀಪ ವರ್ಷವಿಡೀ ಹಸಿರಾಗೇ ಇರುತ್ತದೆ.

ಇಷ್ಟು ದೂರ ಹೋಗುವುದೂ ಬೇಡ. ಲಾಲ್‌ಬಾಗ್ ರಸ್ತೆಯ ಎಂಟಿಆರ್ ನಮ್ಮ ಊರಿನದ್ದೇ. 1924ರಲ್ಲಿ ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರು ಶುರು ಮಾಡಿದ್ದು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳು ಹೇಗೆ ನಡೆಯುತ್ತವೆ ಅಂತ ನೋಡಿ ಬಂದರು. ಅಷ್ಟು ಹೊತ್ತಿಗೆ ಹೋಟೆಲು ಚೆನ್ನಾಗಿಯೇ ನಡೆಯುತ್ತಿತ್ತು, ಹೆಸರೂ ಬಂದಿತ್ತು. ಆದರೂ ಕಲಿಯಲು ಹೋದರು, ಬಂದು ಸ್ವಚ್ಛತೆಯ ಕಟ್ಟುನಿಟ್ಟು ತಂದರು. ಗಿರಾಕಿಗಳು ಅಡುಗೆಮನೆಯನ್ನೇ ನೋಡಬಹುದು ಅನ್ನುವ ಪದ್ಧತಿ ಆ ಹೋಟೆಲಿನ ಹೆಮ್ಮೆಯಾಯಿತು. ಅಡುಗೆಮನೆಯೊಳಗೆ ಬಂದವರು ಕೊಳೆ ಕಂಡರೆ ಅಲ್ಲೇ ಹೇಳುತ್ತಾರೆ. ಅಷ್ಟು ಧೈರ್ಯ ಇದ್ದವರು ಮಾತ್ರ ಬಾಗಿಲು ತೆರೆದಿಡುತ್ತಾರೆ. ತಾನು ಚೆನ್ನಾಗಿ ನಡೆಯುತ್ತಿರುವಾಗಲೇ ಕಲಿಯಲು ಹೊರಡುವುದು, ತನ್ನ ಕೊರತೆ ಬೇರೆಯವರ ಕಣ್ಣಿಗೆ ಬೀಳಲು ಬಿಡುವುದು, ಇವೆರಡೂ ಒಬ್ಬರಲ್ಲೇ ಇದ್ದವು ಅನ್ನುವುದು ನನಗೆ ಮುಖ್ಯ.

ಮಾಲೀಕರ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಅವರ ಪಕ್ಕದಲ್ಲೇ ಇದ್ದೆನಲ್ಲ. ಮನೆ ಪತ್ರ ಬ್ಯಾಂಕಿನಲ್ಲಿಟ್ಟು ಮಷಿನ್ ತಂದಿರುತ್ತಾರೆ. ಏಳನೇ ತಾರೀಕು ಸಂಬಳ ಆಗಬೇಕು, ಪಿಎಫ್, ಇಎಸ್‌ಐ, ಜಿಎಸ್‌ಟಿ ಕಟ್ಟಬೇಕು, ಕರೆಂಟ್ ಬಿಲ್ಲು ಕಾಯುವುದಿಲ್ಲ. ದೊಡ್ಡ ಕಂಪನಿಗಳಿಂದ ದುಡ್ಡು ಬರುವುದು ಮಾತ್ರ ಅವರಿಗೆ ಮನಸ್ಸು ಬಂದಾಗ. 2006ರ ಎಂಎಸ್‌ಎಂಇ ಕಾಯ್ದೆ ಸಣ್ಣ ಕೈಗಾರಿಕೆಗೆ 45 ದಿನದೊಳಗೆ ದುಡ್ಡು ಕೊಡಲೇಬೇಕು ಅನ್ನುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅವಧಿಯೊಳಗೆ ಕೊಡದ ದುಡ್ಡನ್ನು ಕೊಡುವ ತನಕ ಖರ್ಚು ಅಂತ ತೋರಿಸುವ ಹಾಗಿಲ್ಲ ಎಂಬ ಆದಾಯ ತೆರಿಗೆ ನಿಯಮವೂ 2024ರ ಏಪ್ರಿಲ್‌ನಿಂದ ಬಂತು. ಆದರೆ ಬಡ್ಡಿ ಕೇಳಿದರೆ ಮುಂದಿನ ಆರ್ಡರು ಬರುವುದಿಲ್ಲ ಅನ್ನುವ ಹೆದರಿಕೆಯಿಂದ ಕೇಳುವವರು ಕಡಿಮೆ.

ಈ ಹೆದರಿಕೆಯನ್ನು ನೋಡಿ. ಮಾಲೀಕರು ದೊಡ್ಡ ಗಿರಾಕಿಯ ಮುಂದೆ ಬಾಯಿ ಬಿಡುವುದಿಲ್ಲ. ಆಪರೇಟರ್ ಮಾಲೀಕರ ಮುಂದೆ ಬಾಯಿ ಬಿಡುವುದಿಲ್ಲ. ಮೇಲಿನವರು ಕೇಳಿಸಿಕೊಳ್ಳದಿದ್ದರೆ ಎಷ್ಟು ನೋವಾಗುತ್ತದೆ ಅಂತ ಸಣ್ಣ ಕೈಗಾರಿಕೆಯ ಮಾಲೀಕರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿದೆ? ಪೇಮೆಂಟ್ ಕೇಳಲು ಹೋಗಿ ರಿಸೆಪ್ಷನ್‌ನಲ್ಲಿ ಗಂಟೆಗಟ್ಟಲೆ ಕೂತು ಬಂದ ದಿನ ಅವರು ಶಾಪಿನಲ್ಲಿ ಯಾರ ಮೇಲೋ ಎಗರಾಡುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಅವರ ಬಗ್ಗೆ ನನಗೆ ಕನಿಕರ ಇದೆ. ಆದರೂ ಆ ಸಿಟ್ಟು ಗೇಟಿನ ಹೊರಗೇ ಇಳಿಯಬೇಕು. ಅದನ್ನು ಕಲಿಯುವುದನ್ನೇ ನಾನು ವ್ಯಕ್ತಿತ್ವ ವಿಕಾಸ ಅನ್ನುತ್ತೇನೆ.

'ಮೆತ್ತಗಾದ್ರೆ ತಲೆ ಮೇಲೆ ಕೂರ್ತಾರೆ ಮೇಡಂ' ಅಂತ ಎಷ್ಟೋ ಮಾಲೀಕರು ನನಗೆ ಹೇಳಿದ್ದಾರೆ. ನಾನು ಹೇಳುತ್ತಿರುವುದು ಮೆತ್ತಗಾಗುವ ವಿಷಯವಲ್ಲ. ಕೆಂಪು ಬಿನ್ನಿಟ್ಟ ಅದೇ ಮಾಲೀಕರು ಒಬ್ಬ ಅನುಭವಿ ಆಪರೇಟರನ್ನು ಕೆಲಸದಿಂದ ತೆಗೆದರು. ಅವನು ಪೀಸು ಹಾಳು ಮಾಡಿದ್ದಕ್ಕಲ್ಲ. ಅಳತೆ ನೋಡದೆಯೇ ಇನ್ಸ್‌ಪೆಕ್ಷನ್ ಶೀಟಿನಲ್ಲಿ ಚೆಂದವಾಗಿ ರೀಡಿಂಗ್ ತುಂಬುತ್ತಿದ್ದ. ಮೊದಲ ಸಲ ಕೂರಿಸಿಕೊಂಡು ಹೇಳಿದರು, ಮತ್ತೆ ಮಾಡಿದಾಗ ಲೆಕ್ಕ ಮುಗಿಸಿ ಕಳಿಸಿದರು. ತಪ್ಪಾಯಿತು ಅಂತ ಬಂದು ಹೇಳಿದವನಿಗೆ ರಕ್ಷಣೆ, ಸುಳ್ಳು ಬರೆದವನಿಗೆ ಬಾಗಿಲು. ಈ ಗೆರೆ ಎಲ್ಲರಿಗೂ ಕಾಣುವ ಹಾಗೆ ಎಳೆದಿದ್ದರಿಂದಲೇ ಶಾಪಿನಲ್ಲಿ ಶಿಸ್ತು ಮೊದಲಿಗಿಂತ ಬಿಗಿಯಾಯಿತು.

ಈಗ ಪೀಣ್ಯದಲ್ಲಿ ಎರಡನೇ ತಲೆಮಾರು ಬರುತ್ತಿದೆ. ಎಂಬಿಎ ಮಾಡಿದ ಮಗ, ಎಂಜಿನಿಯರಿಂಗ್ ಓದಿದ ಮಗಳು. ಒಳ್ಳೆಯ ಮಕ್ಕಳು, ಬೈಯುವುದಿಲ್ಲ. ಆದರೆ ಅವರು ಶಾಪಿನೊಳಗೆ ಬರುವುದೇ ಕಡಿಮೆ. ಎಲ್ಲವೂ ವಾಟ್ಸಾಪ್ ಗ್ರೂಪಿನಲ್ಲಿ, ಕಂಪ್ಯೂಟರ್ ಪರದೆಯಲ್ಲಿ. ಎಲ್ಲರೂ ಓದುವ ಗ್ರೂಪಿನಲ್ಲಿ ತನ್ನ ಕೈಯಲ್ಲಿ ಬೋರ್ ದೊಡ್ಡದಾಯಿತು ಅಂತ ಯಾವ ಆಪರೇಟರ್ ಬರೆಯುತ್ತಾನೆ? ಅದರಲ್ಲೂ ಗದಗ, ರಾಯಚೂರು, ಒಡಿಶಾ, ಬಿಹಾರದಿಂದ ಬಂದು, ಇಂಗ್ಲಿಷ್ ಟೈಪ್ ಮಾಡಲು ಬಾರದ ಹುಡುಗ? ದಿನಕ್ಕೊಂದು ಸಲ ಮಷಿನ್ ಪಕ್ಕ ನಿಂತು, 'ಇವತ್ತು ಏನು ತೊಂದರೆ ಕೊಡ್ತಿದೆ?' ಅಂತ ಕೇಳಿ, ಉತ್ತರ ಬರುವ ತನಕ ಫೋನ್ ನೋಡದೆ ಕಾಯಲಿ. ಮೊದಲ ವಾರ 'ಏನಿಲ್ಲ ಸಾರ್' ಅಂತಲೇ ಬರುತ್ತದೆ. ಬಿಡದೆ ಕೇಳಬೇಕು.

ಈಗ ನನ್ನ ಕೋರಿಕೆಗೆ ಬರುತ್ತೇನೆ.

ಪೀಣ್ಯದ ಕೈಗಾರಿಕಾ ಸಂಘದವರು, ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾದವರು, ಮಹಿಳಾ ಉದ್ಯಮಿಗಳಿಗಾಗಿ 1983ರಿಂದ ಕೆಲಸ ಮಾಡುತ್ತಿರುವ ಅವೇಕ್ ಸಂಸ್ಥೆಯವರು ಮಾಲೀಕರಿಗೆ ಆಗಾಗ ತರಬೇತಿ ನಡೆಸುತ್ತಾರೆ. ಅಂಥ ತರಬೇತಿಗಳಲ್ಲಿ ಒಂದನ್ನಾದರೂ ಹೋಟೆಲ್ ಹಾಲಿನ ಬದಲು ಯಾವುದಾದರೂ ಶೆಡ್ಡಿನಲ್ಲಿ, ಮಷಿನ್‌ಗಳ ನಡುವೆ ಮಾಡಲಿ. ಮಾಲೀಕರ ಜೊತೆ ಅವರ ಸೂಪರ್‌ವೈಸರ್, ಒಬ್ಬ ಆಪರೇಟರ್, ಒಬ್ಬ ಇನ್ಸ್‌ಪೆಕ್ಟರ್ ಇರಲಿ. ಕನ್ನಡದಲ್ಲಿ ನಡೆಯಲಿ. ರಾಜಾಜಿನಗರದಲ್ಲಿ 1972ರಿಂದ ಟೂಲ್ ರೂಮ್ ತರಬೇತಿ ಕೊಡುತ್ತಿರುವ ಸರ್ಕಾರಿ ಕೇಂದ್ರ ಜಿಟಿಟಿಸಿ ಇದೆ, ತುಮಕೂರು ರಸ್ತೆಯಲ್ಲಿ ತಯಾರಿಕಾ ತಂತ್ರಜ್ಞಾನದ ಸಂಸ್ಥೆ ಸಿಎಂಟಿಐ ಇದೆ. ಅಲ್ಲಿ ಪಾಠ ಮಾಡಿ ನಿವೃತ್ತರಾದವರು ಇದೇ ಮತ್ತಿಕೆರೆ, ಯಶವಂತಪುರ, ವಿದ್ಯಾರಣ್ಯಪುರದಲ್ಲೇ ಸಿಗುತ್ತಾರೆ. ಕರೆದರೆ ಬರುತ್ತಾರೆ.

ತರಬೇತಿಗೆ ಬಂದ ಮಾಲೀಕರಿಗೆ ನನ್ನದು ಒಂದೇ ಅಭ್ಯಾಸ. ಹೋದ ತಿಂಗಳು ನಿಮ್ಮ ಶಾಪಿನಲ್ಲಿ ಆದ ದೊಡ್ಡ ನಷ್ಟ ಒಂದನ್ನು ತೆಗೆದುಕೊಳ್ಳಿ. ಅದು ಮೊದಲು ಯಾರ ಕಣ್ಣಿಗೆ ಬಿತ್ತು, ನಿಮಗೆ ಯಾವಾಗ ತಿಳಿಯಿತು, ನಡುವೆ ಎಷ್ಟು ಹೊತ್ತು ಹೋಯಿತು ಅಂತ ಬರೆಯಿರಿ. ಆ ನಡುವಿನ ಹೊತ್ತಿನಲ್ಲಿ ಯಾರು ಯಾರಿಗೆ ಯಾಕೆ ಹೇಳಲಿಲ್ಲ ಅಂತ ನೀವು ಊಹಿಸಬೇಡಿ. ಅವರನ್ನೇ ಕೇಳಿ, ಕೇಳುವಾಗ ನಡುವೆ ಬಾಯಿ ಹಾಕಬೇಡಿ. ಮೂರು ತಿಂಗಳು ಬಿಟ್ಟು ಮತ್ತೆ ಅದೇ ಲೆಕ್ಕ ಬರೆಯಿರಿ.

ಸಂಪಾದಕರೇ, ನಿಮ್ಮ ಹತ್ತಿರವೂ ಒಂದು ಕೇಳಿಕೊಳ್ಳುವುದಿದೆ. ನಾಯಕತ್ವದ ಪುಟಕ್ಕೆ ಉದ್ಯಮಿಗಳನ್ನೂ ತರಬೇತುದಾರರನ್ನೂ ಮಾತಾಡಿಸುತ್ತೀರಿ. ಇನ್ನು ಮುಂದೆ ಅದೇ ಉದ್ಯಮಿಯ ಕಾರ್ಖಾನೆಯಲ್ಲಿ ರಾತ್ರಿ ಶಿಫ್ಟ್ ಮಾಡುವ ಒಬ್ಬರನ್ನೂ ಮಾತಾಡಿಸಿ, ಹೆಸರು ಹಾಕದೆ ಪಕ್ಕದಲ್ಲೇ ಅಚ್ಚು ಮಾಡಿ. ಶಿಫ್ಟ್ ಮುಗಿಯುವ ಹೊತ್ತಿಗೆ ಟಿವಿಎಸ್ ಕ್ರಾಸಿನ ಟೀ ಅಂಗಡಿಗಳ ಮುಂದೆ ಅವರು ಸಿಗುತ್ತಾರೆ. ನಿಮ್ಮ ವರದಿಗಾರರಿಗೆ ಡ್ರಾಯಿಂಗು, ಗೇಜು, ಮೈಕ್ರಾನ್ ಅರ್ಥವಾಗದಿದ್ದರೆ ಜೊತೆಗೆ ನಾನು ಬರುತ್ತೇನೆ. ಮಂಗಳವಾರ ಬಿಟ್ಟು ಯಾವ ದಿನವಾದರೂ ಆಗಬಹುದು. ಮಂಗಳವಾರ ಸಂಜೆ ಪಕ್ಕದ ಬೀದಿಯ ಐಟಿಐ ಮಕ್ಕಳಿಗೆ ಮೈಕ್ರೋಮೀಟರ್ ಓದುವುದನ್ನು ಹೇಳಿಕೊಡುತ್ತೇನೆ.

ಇಂತಿ,
ನಿವೃತ್ತ ಕ್ವಾಲಿಟಿ ಇನ್‌ಚಾರ್ಜ್,
ಮತ್ತಿಕೆರೆ, ಬೆಂಗಳೂರು